ಕಿಲೋಬೈಟಪ್ಪನ ಐದು ಕುರ್ಚಿಗಳು

ಐದು ಕುರ್ಚಿಗಳನ್ನು ಮನೆಯಿಂದ ಆಚೆ ಸಾಗಿಸಿದ ಎಂಬ ಒಂದೇ ಕಾರಣಕ್ಕೆ, ಗುಂಡುಕಲ್ಲಿನ ಹಾಗಿದ್ದ ಮನುಷ್ಯನೊಬ್ಬನನ್ನು ಆರೇ ದಿನದಲ್ಲಿ ಸಾವಿನ ಹೊಸ್ತಿಲಿಗೆ ತಂದು ನಿಲ್ಲಿಸುವ ಜನ ಎಲ್ಲಾದರೂ ಇದ್ದಾರೆಯೇ? ಇದ್ದಾರೆ ಸ್ವಾಮಿ, ಧಾರಾಳವಾಗಿ ಇದ್ದಾರೆ. ನಾಲ್ಕು ಮಹಡಿ, ಒಂದು ಲಿಫ್ಟು, ಕೆಳಗೊಂದು ದರ್ಜಿಯ ಅಂಗಡಿ ಇರುವ ಯಾವ ಕಟ್ಟಡದಲ್ಲಾದರೂ ಸಿಗುತ್ತಾರೆ. ಒಳ್ಳೆಯ ಜನವೇ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಬರುವುದಾದರೆ ಬೈಟಪ್ಪನ ಮೇಲೆ ಬರಬೇಕು. ಆದರೆ ಆ ಪ್ರಾಣಿಯ ಮುಖ ನೋಡಿದರೆ ಅದೂ ಬರುವುದಿಲ್ಲ.

ಬೈಟಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಅಲ್ಲಿ ಎಲ್ಲರೂ ಕಂಪ್ಯೂಟರಿನ ಮೆಮೊರಿಯನ್ನು ಗಿಗಾಬೈಟುಗಟ್ಟಲೆ ನೀರಿನಂತೆ ಚೆಲ್ಲುತ್ತಿದ್ದರೆ, ಇವನೊಬ್ಬ ಅದರ ಹತ್ತು ಲಕ್ಷದಲ್ಲೊಂದು ಪಾಲಾದ ಕಿಲೋಬೈಟನ್ನು ಹಿಡಿದುಕೊಂಡು "ಇದನ್ನ ಯಾರು ತಿಂದ್ರು?" ಎಂದು ಮೇಜಿನಿಂದ ಮೇಜಿಗೆ ಹೋಗಿ ಜಗಳಕ್ಕೆ ನಿಲ್ಲುತ್ತಿದ್ದ. ಹಾಗಾಗಿ ಕಿಲೋಬೈಟಪ್ಪ. ಅದೂ ಉದ್ದವಾಯಿತೆಂದು ಬೈಟಪ್ಪ ಮಾಡಿಕೊಂಡರು. ಹೆಸರಿನಲ್ಲಾದ ಈ ಉಳಿತಾಯ ಅವನಿಗೂ ಹಿಡಿಸಿತು.

ಅವನ ಸಂಸ್ಥೆಯ ಕೆಲಸ ಸಮುದ್ರದ ಅಲೆಗಳ ಲೆಕ್ಕ ಹಾಕುವುದು. ಯಾವ ಬಂದರಿಗೆ ಎಷ್ಟು ಎತ್ತರದ ಅಲೆ ಬಂದು ಬಡಿಯುತ್ತದೆ ಎಂದು ಮೊದಲೇ ಹೇಳುವುದು. ಇಡೀ ಸಮುದ್ರ ಒಂದು ಕಂಪ್ಯೂಟರಿಗೆ ಎಲ್ಲಿ ಹಿಡಿಯಬೇಕು? ಅದಕ್ಕೆ ಹತ್ತು ಸಾವಿರ ಪ್ರೊಸೆಸರುಗಳಿರುವ ದೊಡ್ಡ ಯಂತ್ರ ಇಟ್ಟಿದ್ದರು. ಅವನ್ನು ಹತ್ತು ಸಾವಿರ ಗುಮಾಸ್ತರು ಎಂದುಕೊಳ್ಳಿ. ಒಬ್ಬೊಬ್ಬ ಗುಮಾಸ್ತನಿಗೆ ಸಮುದ್ರದ ಒಂದೊಂದು ತುಂಡು. ತನ್ನ ತುಂಡಿನಲ್ಲಿ ನೀರು ಏರಿದರೆ ಪಕ್ಕದವನಿಗೆ ಚೀಟಿ ಕಳಿಸಬೇಕು. ಈ ಚೀಟಿ ಕಳಿಸುವ, ಪಡೆಯುವ ವ್ಯವಸ್ಥೆಗೆ ಲೈಬ್ರರಿ ಎನ್ನುತ್ತಾರೆ. ಬೈಟಪ್ಪ ಹದಿನಾಲ್ಕು ವರ್ಷ ಕೂತು ಬರೆದದ್ದು ಅದನ್ನೇ. ಅವನ ಅಕ್ಕ ಮಾತ್ರ ಇವತ್ತಿಗೂ ಊರೆಲ್ಲ "ನಮ್ಮ ತಮ್ಮ ಪುಸ್ತಕ ಕೊಡೋ ಕೆಲಸದಲ್ಲಿದ್ದಾನೆ" ಎಂದೇ ಹೇಳಿಕೊಂಡು ಬರುತ್ತಾಳೆ.

ಆ ಲೈಬ್ರರಿಗೊಂದು ಕಾಯಿಲೆ ಇತ್ತು. ಬೆಳಿಗ್ಗೆ ಕೆಲಸ ಶುರುವಾಗುತ್ತಿದ್ದಂತೆ ಪ್ರತಿಯೊಬ್ಬ ಗುಮಾಸ್ತನೂ ತನ್ನ ಮೇಜಿನ ಮೇಲೆ ಹತ್ತು ಸಾವಿರ ತಟ್ಟೆ ಜೋಡಿಸಿಕೊಳ್ಳುತ್ತಿದ್ದ. ಯಾರಿಂದ ಚೀಟಿ ಬಂದರೂ ಹಾಕಿಸಿಕೊಳ್ಳಲು ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ತಟ್ಟೆ. ಒಂದು ತಟ್ಟೆಗೆ ನಲವತ್ತು ಕಿಲೋಬೈಟು. ಬರುತ್ತಿದ್ದುದು ಎಷ್ಟು ಜನರಿಂದ? ಎಡಬಲ, ಹಿಂದೆ ಮುಂದೆ, ಮೇಲೆ ಕೆಳಗೆ, ಈ ಆರು ಜನರಿಂದ. ಉಳಿದ ತಟ್ಟೆಗಳು ಖಾಲಿ ಬಿದ್ದಿರುತ್ತಿದ್ದವು, ಸಮುದ್ರ ಇಡಲು ಮೇಜಿನ ಮೇಲೆ ಜಾಗವೇ ಇರುತ್ತಿರಲಿಲ್ಲ.

ಒಂದು ಸೋಮವಾರ ಡೈರೆಕ್ಟರ್ ಮೀಟಿಂಗ್ ಕರೆದರು.

"ನೋಡಿ, ಹೊಸ ಲೆಕ್ಕ ಈ ಯಂತ್ರದಲ್ಲಿ ಹಿಡೀತಾ ಇಲ್ಲ. ಮೂರು ವಾರ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಮೆಮೊರಿ ಇಳಿಸದೇ ಹೋದ್ರೆ ಈ ಲೈಬ್ರರಿ ಬಿಟ್ಟು ಹೊರಗಿಂದ ತರಿಸ್ತೀನಿ."

"ಆರು ತಟ್ಟೆ ಸಾಕು ಸರ್," ಎಂದ ಬೈಟಪ್ಪ. "ಯಾರು ಬರ್ತಾರೋ ಅವರಿಗೆ ಮಾತ್ರ ಜಾಗ. ಬರದೇ ಇರೋರಿಗೆ ಜಾಗ ಇಟ್ಕೊಂಡು ಕೂರೋದು ಶುದ್ಧ ಮೂರ್ಖತನ."

"ಅಕಸ್ಮಾತ್ ಬಂದ್ರೆ?"

"ಬರಲ್ಲ ಸರ್."

"ಅಷ್ಟು ಖಂಡಿತವಾಗಿ ಹೇಗ್ರೀ ಹೇಳ್ತೀರಿ?"

ಇಲ್ಲಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತು ಜನ ತನ್ನ ಮುಖವನ್ನೇ ನೋಡುತ್ತಿದ್ದಾರೆ ಎಂಬುದು ಬೈಟಪ್ಪನಂಥವನಿಗೆ ವರ್ಷಕ್ಕೊಮ್ಮೆ ಸಿಗುವ ಭಾಗ್ಯ. ಅವನು ಎದೆ ಸೆಟೆಸಿ, "ಅನುಭವ ಸರ್. ನಾನು ಮನೇಲೂ ಹೀಗೇ ಇರೋದು. ಬೇಡದ ಒಂದು ಸಾಮಾನು ನನ್ನ ಮನೇಲಿ ಸಿಗಲ್ಲ" ಎಂದುಬಿಟ್ಟ.

ಸಂಜೆ ಮನೆಗೆ ಬಂದು, ಅಭ್ಯಾಸ ಬಲದಿಂದ "ಬಂದೆ" ಎಂದು ಯಾರಿಲ್ಲದ ಮನೆಗೆ ಕೂಗಿ ಹೇಳಿ, ದೀಪ ಹಾಕಿದ. ಊಟದ ಮೇಜಿನ ಸುತ್ತ ಆರು ಕುರ್ಚಿಗಳು ಅವನನ್ನೇ ನೋಡುತ್ತಿದ್ದವು. ಅವನ ಮುಖ ಸಣ್ಣಗಾಯಿತು.

ಆ ಕುರ್ಚಿಗಳನ್ನು ತಂದವಳು ಹೆಂಡತಿ. ಇಬ್ಬರಿರುವ ಮನೆಗೆ ಆರೇಕೆ ಎಂದು ಆಗಲೂ ಇವನು ತಕರಾರು ತೆಗೆದಿದ್ದ. "ಕುರ್ಚಿ ಇದ್ರೆ ತಾನೇ ಜನ ಬರೋದು" ಎಂದಿದ್ದಳು. ಬರುತ್ತಲೂ ಇದ್ದರು. ಅವಳಿದ್ದಾಗ ಆ ಮನೆಯಲ್ಲಿ ಕೂರಲು ಜಾಗ ಸಾಲದೆ ಬೈಟಪ್ಪ ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಚಹಾ ಕುಡಿದದ್ದುಂಟು. ಅವಳು ಹೋಗಿ ಆರು ವರ್ಷ. ಬಂದವರೆಲ್ಲ ಬಂದದ್ದು ಅವಳಿಗಾಗಿ ಎಂದು ಆಮೇಲೆ ಅವನಿಗೆ ಗೊತ್ತಾಯಿತು. ಬಾಗಿಲ ಗಂಟೆ ಒತ್ತುತ್ತಿದ್ದವರು ಈಗ ಮೀಟರ್ ನೋಡುವವನು ಮತ್ತು ಮನೆ ತಪ್ಪಿ ಬಂದವರು ಮಾತ್ರ.

ಹೇಳಿದ ಮಾತು ಸುಳ್ಳಾಗಬಾರದು. ಹಾಗಂತ ಅಳೆಯದೆ ಒಂದು ಕಿಲೋಬೈಟನ್ನೂ ಕಿತ್ತವನಲ್ಲ ಬೈಟಪ್ಪ. ಆಫೀಸಿನಲ್ಲಿ ಲೆಕ್ಕ ಓಡುವಾಗ ಮೊದಲ ಒಂದು ಗಂಟೆ ಯಾವ ತಟ್ಟೆಗೆ ಎಷ್ಟು ಚೀಟಿ ಬಿತ್ತೆಂದು ಗುರುತು ಹಾಕಿಕೊಂಡ ಹಾಗೆಯೇ, ಮನೆಯಲ್ಲೂ ಪ್ರತಿ ಕುರ್ಚಿಯ ಬೆನ್ನಿಗೆ ಒಂದು ಕಾಗದ ಅಂಟಿಸಿದ. ಯಾರಾದರೂ ಕೂತರೆ ಒಂದು ಗೀಟು. ಅವಧಿ ಒಂದು ವಾರ. ಆ ವಾರವೆಲ್ಲ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಬೈಟಪ್ಪ ಪೆನ್ಸಿಲ್ ಹಿಡಿದು ಎದ್ದು ನಿಲ್ಲುತ್ತಿದ್ದ. ಯಾರಾದರೂ ಬಂದು ಕೂತು ತನ್ನ ಲೆಕ್ಕ ಕೆಡಿಸಲಿ ಎಂದು ಒಳಗೊಳಗೇ ಆಸೆ. ಆದರೆ ಯಾರನ್ನೂ ಕರೆಯಲಿಲ್ಲ, ಕರೆದರೆ ಅಳತೆ ಕೆಡುತ್ತದೆ ಎಂದು.

ವಾರದ ಕೊನೆಗೆ ಅವನ ಕುರ್ಚಿಗೆ ಇಪ್ಪತ್ತಮೂರು ಗೀಟು. ನಾಲ್ಕಕ್ಕೆ ಸೊನ್ನೆ. ಇನ್ನೊಂದಕ್ಕೆ ಒಂದು ಗೀಟು ಬಿದ್ದಿತ್ತು, ಅದು ಮೀಟರ್ ನೋಡುವವನು ತನ್ನ ಚೀಲ ಇಟ್ಟದ್ದು. ಚೀಲವನ್ನು ಮನುಷ್ಯ ಎಂದು ಎಣಿಸಬಹುದೇ ಎಂದು ಹತ್ತು ನಿಮಿಷ ಯೋಚಿಸಿ ಆ ಗೀಟನ್ನೂ ಅಳಿಸಿದ. ಒಂದೇ ಕುರ್ಚಿ ಉಳಿಯಬೇಕು. ಯಾವುದು ಎಂದು ನಿಯಮ ಹೇಳಿರಲಿಲ್ಲವಾದ್ದರಿಂದ ಕಿಟಕಿಯ ಕಡೆಗಿದ್ದ ಹೆಂಡತಿಯ ಕುರ್ಚಿಯನ್ನು ಇಟ್ಟುಕೊಂಡು, ತನ್ನದನ್ನೂ ಸೇರಿಸಿ ಐದನ್ನು ಸಾಗಿಸಲು ಹೊರಟ.

ಮೊದಲನೆಯದನ್ನು ಕೆಳಗಿನ ದರ್ಜಿಗೆ ಕೊಟ್ಟ.

"ಇಷ್ಟು ಚೆನ್ನಾಗಿರೋದನ್ನ ಯಾಕ್ ಸಾರ್ ಕೊಡ್ತಿದ್ದೀರಾ?" ಎಂದ ದರ್ಜಿ.

"ಇನ್ನು ಬೇಕಾಗಲ್ಲಪ್ಪ."

"ಬೇಕಾಗಲ್ಲ ಅಂದ್ರೆ?"

ಬೈಟಪ್ಪನ ತಲೆಯೆಲ್ಲ ಆಫೀಸಿನಲ್ಲಿತ್ತು. "ಮೂರು ವಾರ ಟೈಮ್ ಕೊಟ್ಟಿದ್ರು. ಅದರಲ್ಲಿ ಒಂದು ವಾರ ಆಗ್ಲೇ ಹೋಯ್ತು ನೋಡು. ಉಳಿದಿರೋದು ಎರಡೇ."

ದರ್ಜಿಯ ಕುತ್ತಿಗೆಯಿಂದ ಅಳತೆ ಪಟ್ಟಿ ಜಾರಿ ಕೆಳಗೆ ಬಿತ್ತು. "ಯಾರು ಸಾರ್ ಹೇಳಿದ್ದು? ಇನ್ನೊಬ್ಬರ ಹತ್ರ ತೋರಿಸ್ಬಾರ್ದಾ?"

"ದೊಡ್ಡವರೇ ಹೇಳಿದ ಮೇಲೆ ಇನ್ಯಾರಿಗೆ ತೋರಿಸ್ಲಿ? ತೊಂದರೆ ಎಲ್ಲಿದೆ ಅಂತ ನನಗೇ ಗೊತ್ತು. ಕತ್ತರಿಸಿ ತೆಗೀಬೇಕು, ಅಷ್ಟೇ."

"ನೋವಿದೆಯಾ ಸಾರ್?"

"ಇಲ್ದೆ ಇರುತ್ತಾ? ಹದಿನಾಲ್ಕು ವರ್ಷ ಜೊತೇಲಿ ಇದ್ದದ್ದು," ಎಂದು ತನ್ನ ಲೈಬ್ರರಿಯನ್ನು ನೆನೆದು ನಿಟ್ಟುಸಿರು ಬಿಟ್ಟ ಬೈಟಪ್ಪ, ಎರಡನೇ ಕುರ್ಚಿ ತರಲು ಲಿಫ್ಟು ಹತ್ತಿದ.

ಮುಗಿಯಿತಲ್ಲ! ದರ್ಜಿಯ ಅಂಗಡಿಗೆ ಅವತ್ತು ಬಂದ ಗಿರಾಕಿಗಳೆಲ್ಲ ಬಟ್ಟೆಯ ಜೊತೆಗೆ ಸುದ್ದಿಯನ್ನೂ ಹೊತ್ತುಕೊಂಡು ಹೋದರು. ಆದರೆ ಆ ಪುಣ್ಯಾತ್ಮ ಅಳತೆ ತೆಗೆಯುತ್ತಾ ಮಾತಾಡುವವನು. ಸೊಂಟದ ಅಳತೆ ಕೊಟ್ಟವರಿಗೆ ಬೈಟಪ್ಪನ ಕಾಯಿಲೆ ಹೊಟ್ಟೆಯಲ್ಲಿದೆ ಎಂದು ತಿಳಿಯಿತು. ಕಾಲರಿನ ಅಳತೆ ಕೊಟ್ಟವರಿಗೆ ಗಂಟಲಲ್ಲಿ. ಪ್ಯಾಂಟು ಹೊಲಿಸಲು ಬಂದ ಒಬ್ಬರು ಮಂಡಿಯ ಕಾಯಿಲೆಯಿಂದ ಮನುಷ್ಯ ಸಾಯುವುದುಂಟೇ ಎಂದು ದಾರಿಯುದ್ದಕ್ಕೂ ಕೇಳಿಕೊಂಡು ಹೋದರು. ಅಷ್ಟರಲ್ಲಿ ಒಂದು ಕುರ್ಚಿ ಕಟ್ಟಡದ ಕಾವಲುಗಾರನಿಗೂ ಮೂರು ಕುರ್ಚಿ ಪಕ್ಕದ ಬೀದಿಯ ಕ್ಷೌರದಂಗಡಿಗೂ ಹೋದದ್ದನ್ನು ಜನ ಕಣ್ಣಾರೆ ಕಂಡರು. ಹಿಂದೆಯೇ ಐದು ತಟ್ಟೆ, ಐದು ಲೋಟ, ಒಂದು ದಿಂಬು. ದಿಂಬನ್ನು ನೋಡಿದ ಮೇಲಂತೂ ಯಾರಿಗೂ ಅನುಮಾನ ಉಳಿಯಲಿಲ್ಲ.

ಮಾರನೇ ದಿನ ಮೊದಲು ಬಂದವರು ಕಟ್ಟಡದ ಸಂಘದ ಕಾರ್ಯದರ್ಶಿ. ಬಾಗಿಲ ಗಂಟೆ ಕೇಳಿ ಬೈಟಪ್ಪ ಬೆಚ್ಚಿಬಿದ್ದ, ಆಮೇಲೆ ಓಡಿಹೋಗಿ ತೆಗೆದ. ಇದ್ದ ಒಂದೇ ಕುರ್ಚಿಯನ್ನು ಅವರಿಗೆ ತೋರಿಸಿದ. ಕಾರ್ಯದರ್ಶಿ, ನೀವು ಕೂರಿ ಎಂದರು. ಅತಿಥಿ ನಿಂತಿರುವಾಗ ಬೈಟಪ್ಪ ಹೇಗೆ ಕೂತಾನು? ರೋಗಿ ನಿಂತಿರುವಾಗ ಕಾರ್ಯದರ್ಶಿ ಹೇಗೆ ಕೂತಾರು? ಕುರ್ಚಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಅರ್ಧ ಗಂಟೆ ನಿಂತೇ ಮಾತಾಡಿದರು.

"ನಿಮ್ಮ ಎತ್ತರ ಎಷ್ಟು?" ಎಂದು ಕೇಳಿದರು ಕಾರ್ಯದರ್ಶಿ, ಹೊರಡುವ ಮುಂಚೆ.

"ಐದು ಅಡಿ ಏಳು ಇಂಚು."

"ಲಿಫ್ಟು ನಾಲ್ಕೂವರೆ ಇದೆ. ಬಗ್ಗಿಸೋಕಾಗಲ್ಲ. ಇರಲಿ, ಮೆಟ್ಟಿಲಲ್ಲೇ ನೋಡ್ಕೊಳ್ಳೋಣ. ನೀವೇನೂ ಯೋಚನೆ ಮಾಡ್ಬೇಡಿ, ಸಂಘ ಇದೆ."

ಸಂಘಕ್ಕೆ ತನ್ನ ಎತ್ತರದ ಮೇಲೆ ಯಾಕೆ ಇಷ್ಟು ಕಾಳಜಿ ಎಂದು ಬೈಟಪ್ಪನಿಗೆ ಹೊಳೆಯಲಿಲ್ಲ. ಹೊಳೆದದ್ದು ಬುಧವಾರ, ದರ್ಜಿ ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ತನಗೆ ಕೊಟ್ಟಿದ್ದ ಕುರ್ಚಿಯನ್ನೇ ಹಿಡಿದುಕೊಂಡು ಬಂದು ಕೂತಾಗ.

"ಧೈರ್ಯವಾಗಿರಿ ಸಾರ್. ಎಲ್ಲರೂ ಒಂದಿನ ಹೋಗೋರೇ."

"ಎಲ್ಲಿಗೆ?" ಎಂದ ಬೈಟಪ್ಪ. ದರ್ಜಿ ಕಣ್ಣೊರೆಸಿಕೊಂಡ. ಆ ಕಣ್ಣೀರು ಕಂಡ ಮೇಲೆ, ಎತ್ತರ, ಲಿಫ್ಟು, ಎರಡು ವಾರ ಎಲ್ಲವೂ ಒಂದಕ್ಕೊಂದು ಕೂಡಿಕೊಂಡು ಬೈಟಪ್ಪನ ತಲೆಗೆ ದಿಢೀರನೆ ಹತ್ತಿತು. ಅಯ್ಯೋ ರಾಮ, ಇವರೆಲ್ಲ ನಾನು ಸಾಯುತ್ತಿದ್ದೇನೆ ಎಂದುಕೊಂಡಿದ್ದಾರೆ! ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದರ್ಜಿ, "ನಾಳೆ ಬರ್ಲಾ ಸಾರ್?" ಎಂದ.

ಆರು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ತೆರೆದ ಬಾಯಿ ಮುಚ್ಚಿತು. ನಿಜ ಹೇಳಿದರೆ ನಾಳೆ ಇವನು ಬರುವುದಿಲ್ಲ. ಇವನು ಮಾತ್ರವಲ್ಲ, ಯಾರೂ ಬರುವುದಿಲ್ಲ. "ಬಾಪ್ಪ," ಎಂದ ಬೈಟಪ್ಪ. ಸುಳ್ಳು ಹೇಳಿದ ಎಂದು ಅವನ ಮೇಲೆ ಯಾರೂ ಆಪಾದನೆ ಹೊರಿಸುವ ಹಾಗಿಲ್ಲ, ಅವನು ಹೇಳಲಿಲ್ಲ. ಬಾಗಿಲ ತನಕ ಬಂದವನು ಎರಡು ಸಲ ಕೆಮ್ಮಿದ, ಅಷ್ಟೇ.

ಅಲ್ಲಿಂದ ಆ ಮನೆಗೆ ಜನವೋ ಜನ. ಕೂರಲು ಕುರ್ಚಿಯಿಲ್ಲ ಎಂಬ ಸುದ್ದಿಯೂ ಹಬ್ಬಿದ್ದರಿಂದ ಎಲ್ಲರೂ ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡೇ ಬರುತ್ತಿದ್ದರು. ನಾಲ್ಕನೇ ಮಹಡಿಯಿಂದ ಟೀಚರಮ್ಮನೂ ಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಕೆಂಪು ಪೆನ್ನು ಬಿಡದ ಹೆಂಗಸು. ದಿನಾ ಸಂಜೆ ಐದಕ್ಕೆ ಸರಿಯಾಗಿ ಒಂದು ಬೆತ್ತದ ಕುರ್ಚಿಯನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಡುತ್ತಾ ಇಳಿದು ಬಂದು, ಕೂತು, ಪತ್ರಿಕೆ ಬಿಡಿಸಿ ಅದರಲ್ಲಿನ ತಪ್ಪುಗಳನ್ನು ತಿದ್ದುತ್ತಿದ್ದರು. ಕಾಯಿಲೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬೈಟಪ್ಪ ಎರಡು ಸಲ ಕೆಮ್ಮಿ ಬಿಸ್ಕತ್ತು ಇಟ್ಟರೆ ಅವರು ಒಂದು ತಿನ್ನುವಷ್ಟರಲ್ಲಿ ಖುಷಿಯಲ್ಲಿ ಇವನೇ ಎಂಟು ತಿಂದು ಮುಗಿಸುತ್ತಿದ್ದ. ಆರಕ್ಕೆ ಅವರು ಎದ್ದು ಕುರ್ಚಿ ಎತ್ತಿಕೊಂಡು ಹೋಗುತ್ತಿದ್ದರು. ಹೆಂಡತಿ ಹೋದ ಮೇಲೆ ಇಷ್ಟು ನೆಮ್ಮದಿಯ ಗಂಟೆಗಳನ್ನು ಬೈಟಪ್ಪ ಕಂಡಿರಲಿಲ್ಲ.

ಆ ಹುರುಪಿನಲ್ಲಿ ಆಫೀಸಿನ ಕೆಲಸವೂ ಚಕಚಕ ಸಾಗಿತು. ಗುಮಾಸ್ತರ ಮೇಜಿನಿಂದ ತಟ್ಟೆಗಳನ್ನು ಕಿತ್ತು ಎಸೆದ. ಒಬ್ಬೊಬ್ಬರಿಗೆ ಆರೇ ತಟ್ಟೆ, ಇನ್ನೂರ ನಲವತ್ತು ಕಿಲೋಬೈಟು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಶುಕ್ರವಾರ ದೊಡ್ಡ ಲೆಕ್ಕವನ್ನು ಹಚ್ಚಿ ಬಂದ. ಅದು ಎರಡು ದಿನ ಓಡಿ ಭಾನುವಾರ ಮುಗಿಯಬೇಕಿತ್ತು.

ಭಾನುವಾರ ಮಧ್ಯಾಹ್ನ ಅಕ್ಕ ಭಾವ ಬಂದಿಳಿದರು. ಸಂಘದ ರಿಜಿಸ್ಟರಿನಲ್ಲಿ ತುರ್ತು ಸಂದರ್ಭಕ್ಕೆಂದು ಬರೆದಿದ್ದ ನಂಬರಿಗೆ ಕಾರ್ಯದರ್ಶಿಯೇ ಫೋನ್ ಮಾಡಿದ್ದರು. ಅಕ್ಕ ಎರಡು ಬಸ್ಸು ಬದಲಾಯಿಸಿ, ಒಂದು ಮಡಚುವ ಕುರ್ಚಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

"ಪುಟ್ಟಾ! ನನಗೊಂದು ಮಾತು ಹೇಳ್ಬಾರ್ದಾಗಿತ್ತೇನೋ!" ಎಂದು ಐವತ್ತೆರಡು ವರ್ಷದ ಪುಟ್ಟನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು.

"ವಾಪಸ್ ಬಸ್ಸು ಐದೂಮುಕ್ಕಾಲಿಗೆ," ಎಂದರು ಭಾವ.

ನಾಲ್ಕೂವರೆಯ ಹೊತ್ತಿಗೆ, ಒಂದೇ ಕುರ್ಚಿ ಉಳಿಸಿಕೊಂಡಿದ್ದ ಆ ಮನೆಯಲ್ಲಿ ಹದಿನಾಲ್ಕು ಕುರ್ಚಿಗಳಿದ್ದವು. ದರ್ಜಿ, ಕಾವಲುಗಾರ, ಕ್ಷೌರದಂಗಡಿಯವನು ಮತ್ತು ಅವನ ಗಿರಾಕಿಗಳು, ಎಲ್ಲರೂ ಬಂದಿದ್ದರು. ಬೈಟಪ್ಪ ಕೊಟ್ಟ ಐದೂ ಕುರ್ಚಿಗಳು ಬೇರೆಯವರನ್ನು ಕೂರಿಸಿಕೊಂಡು ತಮ್ಮ ಹಳೆಯ ಜಾಗಕ್ಕೆ ಬಂದಿದ್ದವು. ಟೀಚರಮ್ಮ ಅರ್ಧ ಗಂಟೆ ಮುಂಚೆಯೇ ಇಳಿದು ಬಂದಿದ್ದರು. ಆದರೆ ಯಾರೂ ಮಾತಾಡರು. ಅಕ್ಕ ಶುರುಮಾಡಲಿ ಎಂದು ಕಾರ್ಯದರ್ಶಿ ಕಾಯುತ್ತಿದ್ದರು, ಕಾರ್ಯದರ್ಶಿ ಶುರುಮಾಡಲಿ ಎಂದು ದರ್ಜಿ, ದರ್ಜಿ ಶುರುಮಾಡಲಿ ಎಂದು ಅಕ್ಕ. ಕೊನೆಗೆ ಕಾರ್ಯದರ್ಶಿ ಜೇಬಿನಿಂದ ಒಂದು ಹಾಳೆ ತೆಗೆದರು.

"ತಪ್ಪು ತಿಳ್ಕೊಬೇಡಿ. ನೋಟಿಸ್ ಬೋರ್ಡಿಗೆ ಹಾಕೋದು. ತಾರೀಕು ಮಾತ್ರ ಬಿಟ್ಟಿದ್ದೀನಿ. ಹೆಸರು, ಕೆಲಸ ಎಲ್ಲಾ ಸರಿ ಇದೆಯಾ ಅಂತ ನೀವೇ ಒಂದ್ಸಲ ನೋಡಿಬಿಟ್ರೆ ಒಳ್ಳೇದು. ಆಮೇಲೆ ನಿಮ್ಮನ್ನ ಕೇಳೋಕಾಗಲ್ಲವಲ್ಲ."

ಬೈಟಪ್ಪ ತನ್ನ ಸಾವಿನ ನೋಟಿಸನ್ನು ಎರಡು ಸಲ ಓದಿದ. 'ಅವರು ಎಲ್ಲರಿಗೂ ಬೇಕಾದವರಾಗಿದ್ದರು' ಎಂದಿತ್ತು. ಅವನ ಕಣ್ಣು ತುಂಬಿ ಬಂತು. ಅದನ್ನು ಕಂಡು ಹನ್ನೆರಡು ಜನರ ಕಣ್ಣೂ ತುಂಬಿತು. ಟೀಚರಮ್ಮ ಮಾತ್ರ ಕೈ ಚಾಚಿ ಹಾಳೆಯನ್ನು ತೆಗೆದುಕೊಂಡು, 'ಎಲ್ಲರಿಗೂ' ಎಂಬಲ್ಲಿ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಾರ್ಯದರ್ಶಿಗೆ ವಾಪಸು ಕೊಟ್ಟರು.

ಆಗ ಬೈಟಪ್ಪನ ಫೋನು ಬಡಿದುಕೊಂಡಿತು. ಡೈರೆಕ್ಟರ್.

"ಏನ್ರೀ ನಿಮ್ಮ ಲೈಬ್ರರಿ? ಎರಡು ದಿನ ಚೆನ್ನಾಗಿ ಓಡ್ತು. ಇನ್ನೇನು ಮುಗೀತು ಅನ್ನೋವಾಗ ಕಲ್ಲು ಹಾಗೆ ನಿಂತ್ಬಿಟ್ಟಿದೆ. ಒಂದು ಗಂಟೆಯಿಂದ ಅಲ್ಲಾಡ್ತಾ ಇಲ್ಲ!"

ಬೈಟಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಸುತ್ತ ನೋಡಿದ. ಹದಿನಾಲ್ಕು ಕುರ್ಚಿ. ಮೊದಲ ವಾರ ಒಬ್ಬರೂ ಬಾರದವರು ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಬಂದು ಕೂತಿದ್ದಾರೆ. ಲೆಕ್ಕ ಮುಗಿದಾಗ ಹತ್ತು ಸಾವಿರ ಗುಮಾಸ್ತರೂ ಮೊದಲನೆಯ ಗುಮಾಸ್ತನಿಗೆ 'ನನ್ನ ಕೆಲಸ ಮುಗಿಯಿತು' ಎಂದು ಒಂದೇ ಒಂದು ಚೀಟಿ ಕಳಿಸುತ್ತಾರೆ. ಇಡೀ ಆಯುಸ್ಸಿನಲ್ಲಿ ಒಂದೇ ಸಲ. ಹಾಕಲು ಅಲ್ಲಿ ತಟ್ಟೆ ಇಲ್ಲ. ಚೀಟಿ ಹಿಡಿದುಕೊಂಡು ಎಲ್ಲರೂ ಬಾಗಿಲಲ್ಲಿ ಕಾಯುತ್ತಿದ್ದಾರೆ!

"ಸಾರ್!" ಎಂದು ಚೀರಿ ಬೈಟಪ್ಪ ಛಂಗನೆ ಎದ್ದ. "ಗೊತ್ತಾಯ್ತು ಸಾರ್! ಕೊನೇಲಿ ಬಂದಿದ್ದಾರೆ! ನಾನು ಶುರುವಲ್ಲಿ ಮಾತ್ರ ಅಳೆದೆ! ಕೊನೇಲಿ ಬರೋರನ್ನ ಅಳೀಲೇ ಇಲ್ಲ!" ಎನ್ನುತ್ತಾ ಮೂರು ಕುರ್ಚಿ ದಾಟಿ, ಭಾವನ ಕಾಲ ಮೇಲೆ ಹಾರಿ, ಕಾಗದ ಪೆನ್ಸಿಲ್ಲಿಗಾಗಿ ಒಳಗೋಡಿ ಹೊರಗೋಡಿ ಬಂದ.

"ನಾಳೆ ಹತ್ತಕ್ಕೆ ಬಂದು ಸರಿ ಮಾಡಿ," ಎಂದು ಡೈರೆಕ್ಟರ್ ಫೋನಿಟ್ಟರು.

"ಪುಟ್ಟಾ, ಕೂತ್ಕೊಳೋ! ಮೈಯಲ್ಲಿ ಶಕ್ತಿ ಇಲ್ಲ ನಿಂಗೆ!" ಎಂದು ಅಕ್ಕ ಅವನ ತೋಳು ಹಿಡಿದಳು. ತೋಳು ಗಟ್ಟಿಯಾಗಿತ್ತು. ಅಕ್ಕ ಇನ್ನೊಮ್ಮೆ ಒತ್ತಿ ನೋಡಿದಳು.

"ಅಕ್ಕಾ, ನನಗೇನೂ ಆಗಿಲ್ಲ."

ಮಾತು ಹೊರಬಿದ್ದಾಗಿತ್ತು. "ಹಾಗಾದ್ರೆ ಆ ಕುರ್ಚಿಗಳು?" ಎಂದು ದರ್ಜಿ ಮೆಲ್ಲಗೆ ಕೇಳಿದ.

"ಯಾರೂ ಬಂದು ಕೂರ್ತಿರ್ಲಿಲ್ಲಪ್ಪ. ಕಾಗದ ಅಂಟಿಸಿ ಒಂದು ವಾರ ಅಳೆದೆ. ಅದಕ್ಕೆ ಕೊಟ್ಟೆ."

ಮೊದಲು ಚೇತರಿಸಿಕೊಂಡವರು ಕಾರ್ಯದರ್ಶಿ. ಹುದ್ದೆಯಲ್ಲಿರುವವರು ಬೇಗ ಚೇತರಿಸಿಕೊಳ್ಳುತ್ತಾರೆ.

"ಹಾಗಂತ ಸಾಯ್ತೀನಿ ಅಂತ ಹೇಳೋದೇನ್ರೀ?"

"ನಾನೆಲ್ಲಿ ಹೇಳಿದೆ?"

"ಸಾಯಲ್ಲ ಅಂತಾನೂ ಹೇಳಲಿಲ್ಲವಲ್ಲ! ನಾನು ನೋಟಿಸ್ ಟೈಪ್ ಮಾಡಿಸಿದೆ. ಮೆಟ್ಟಿಲು ಅಳೆದೆ. ನಾಲ್ಕು ಜನ ಗಟ್ಟಿ ಆಳುಗಳನ್ನ ಗೊತ್ತು ಮಾಡಿಟ್ಟಿದ್ದೀನಿ. ಅವರಿಗೆ ನಾನೀಗ ಏನು ಹೇಳ್ಲಿ?"

"ನಾನು ಅತ್ತಿದ್ದೀನಿ ಸಾರ್," ಎಂದ ದರ್ಜಿ. "ನಮ್ಮಪ್ಪ ಹೋದಾಗ್ಲೂ ಇಷ್ಟು ಅತ್ತಿರ್ಲಿಲ್ಲ."

ಬೈಟಪ್ಪ ತಲೆ ತಗ್ಗಿಸಿದ. "ತಪ್ಪಾಯ್ತು. ಗೊತ್ತಾದ ದಿನವೇ ಹೇಳ್ಬೇಕಿತ್ತು. ಹೇಳಿದ್ರೆ ನೀವ್ಯಾರೂ ಬರಲ್ಲ ಅನ್ನಿಸ್ತು, ಅದಕ್ಕೆ ಸುಮ್ನಿದ್ದೆ."

ಉತ್ತರವಿಲ್ಲದಾಗ ಜನಕ್ಕೆ ಸಿಟ್ಟು ಹೆಚ್ಚಾಗುತ್ತದೆ. ಒಬ್ಬೊಬ್ಬರೇ ಎದ್ದು, ತಮ್ಮ ಕುರ್ಚಿ ಎತ್ತಿಕೊಂಡು ಹೊರಟರು. ಬೈಟಪ್ಪ ಕೊಟ್ಟಿದ್ದ ಐದೂ ಎರಡನೇ ಸಲ ಮನೆ ಬಿಟ್ಟವು. ದರ್ಜಿ ಹಣ್ಣಿನ ಚೀಲದ ಕಡೆ ಒಮ್ಮೆ ನೋಡಿದ, ಅರ್ಧ ಖಾಲಿಯಾಗಿತ್ತು, ಬಿಟ್ಟು ಹೋದ. ಅಕ್ಕ ಬಾಗಿಲಲ್ಲಿ ತಿರುಗಿ, "ಬದುಕಿದ್ದೀಯಲ್ಲ, ಸಾಕು ಹೋಗು. ಇನ್ನೊಂದ್ಸಲ ಹೀಗೆ ಮಾಡಿದ್ರೆ ನಾನೇ ನಿನ್ನ ಕತ್ತು ಹಿಸುಕ್ತೀನಿ" ಎಂದು ಕಣ್ಣೊರೆಸಿಕೊಂಡಳು. ಮುಂದೆ ಇನ್ನೇನೋ ಹೇಳುವವಳಿದ್ದಳು. "ಬಸ್ಸು," ಎಂದರು ಭಾವ.

ಎಲ್ಲರೂ ಹೋದರು. ಬೈಟಪ್ಪ ಹೆಂಡತಿಯ ಕುರ್ಚಿಯಲ್ಲಿ ಕೂತ. ಇಷ್ಟು ದಿನ ಖಾಲಿಯಾಗಿದ್ದ ಮನೆಗೂ, ಜನ ಬಂದು ಎದ್ದು ಹೋದ ಈ ಮನೆಗೂ ತುಂಬ ವ್ಯತ್ಯಾಸವಿತ್ತು. ಮೊದಲಿನದು ಅವನಿಗೆ ಅಭ್ಯಾಸವಾಗಿತ್ತು. ಇದನ್ನು ಹೇಗೆ ತಡೆದುಕೊಳ್ಳುವುದೆಂದು ತಿಳಿಯದೆ ಗಡಿಯಾರ ನೋಡಿದ. ಐದೂವರೆ. ತಲೆ ಎತ್ತಿದಾಗ ಮೂಲೆಯಲ್ಲಿ ಬೆತ್ತದ ಕುರ್ಚಿ ಕಂಡಿತು. ಗಲಾಟೆಯಲ್ಲಿ ಟೀಚರಮ್ಮ ಮರೆತು ಹೋಗಿದ್ದಾರೆ. ಇನ್ನು ಅವರು ಬಂದು ಕೇಳುವ ಪ್ರಶ್ನೆಯಿಲ್ಲ, ತಾನೇ ಕೊಟ್ಟು ಕ್ಷಮೆ ಕೇಳಬೇಕು ಎಂದುಕೊಂಡು, ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದ.

ಬಾಗಿಲು ತೆರೆದ ಟೀಚರಮ್ಮ ಅವನನ್ನೂ ಕುರ್ಚಿಯನ್ನೂ ನೋಡಿ ಹುಬ್ಬು ಗಂಟಿಕ್ಕಿದರು.

"ಇದನ್ನ ಯಾಕ್ರೀ ಹೊತ್ಕೊಂಡ್ ಬಂದ್ರಿ?"

"ಮರ್ತು ಬಂದಿದ್ರಿ ಟೀಚರ್. ಮತ್ತೆ… ನಿಮಗೂ ಮೋಸ ಮಾಡಿದೆ. ಕ್ಷಮಿಸಿ."

"ಯಾರಿಗ್ರೀ ಮೋಸ? ಸಾಯೋನು ಯಾರಾದ್ರೂ ಒಂದೇ ಗಂಟೇಲಿ ಎಂಟು ಬಿಸ್ಕತ್ತು ತಿಂತಾನಾ? ಮೂವತ್ತೈದು ವರ್ಷ ಮಕ್ಕಳ ಹೊಟ್ಟೆನೋವು ನೋಡಿದ್ದೀನಿ ನಾನು. ಸುಳ್ಳು ಕೆಮ್ಮು ನನಗೆ ಗೊತ್ತಾಗಲ್ವಾ?"

ಬೈಟಪ್ಪ ಪಿಳಿಪಿಳಿ ಕಣ್ಣು ಬಿಟ್ಟ. "ಗೊತ್ತಿದ್ರೆ ಮತ್ತೆ ದಿನಾ ಯಾಕೆ ಬರ್ತಿದ್ರಿ?"

ಟೀಚರಮ್ಮ ಪಕ್ಕಕ್ಕೆ ಸರಿದು ನಿಂತರು. ಅವರ ಹಿಂದೆ ಹಜಾರ ಕಾಣುತ್ತಿತ್ತು. ಬೆತ್ತದ ಇನ್ನೂ ಮೂರು ಕುರ್ಚಿ, ಒಂದೊಂದರ ಮೇಲೂ ಒಂದು ಸುಕ್ಕಿಲ್ಲದ ದಿಂಬು, ಮೇಜಿನ ಮೇಲೆ ತಿದ್ದಿ ಮಡಚಿಟ್ಟ ಪತ್ರಿಕೆಗಳ ಎತ್ತರದ ರಾಶಿ.

"ನಮ್ಮನೇಲೂ ಯಾರು ಬಂದು ಕೂರ್ತಾರೆ ಹೇಳಿ," ಎಂದರು. "ನಾನು ನಿಮ್ಮ ಹಾಗೆ ಕಾಗದ ಅಂಟಿಸಿ ಅಳೀಲಿಲ್ಲ, ಅಷ್ಟೇ."

ಕುರ್ಚಿ ಇನ್ನೂ ಬೈಟಪ್ಪನ ತಲೆಯ ಮೇಲೆಯೇ ಇತ್ತು.

"ಹಾಗೇ ಹೊತ್ಕೊಂಡ್ ಹೋಗಿ ಅಲ್ಲೇ ಇಡಿ," ಎಂದರು ಟೀಚರಮ್ಮ. "ದಿನಾ ಇಳಿಸೋಕೆ ನನ್ನ ಮಂಡಿ ಕೇಳಲ್ಲ. ಮತ್ತೆ ನಾಳೆ ಬೇರೆ ಬಿಸ್ಕತ್ತು ತನ್ನಿ, ಅದು ಮೆತ್ತಗಾಗಿತ್ತು."

ಮಾರನೇ ದಿನ ಬೈಟಪ್ಪ ಆಫೀಸಿಗೆ ಹೋಗಿ ಲೈಬ್ರರಿಯಲ್ಲಿ ನಾಲ್ಕೇ ಸಾಲು ಸೇರಿಸಿದ. ಲೆಕ್ಕ ಮತ್ತೆ ಎರಡು ದಿನ ಓಡಿ, ಕೊನೆಯ ಚೀಟಿಯವರೆಗೂ ಓಡಿ, ಅಚ್ಚುಕಟ್ಟಾಗಿ ಮುಗಿಯಿತು. ಗಡುವಿಗೆ ಇನ್ನೂ ದಿನಗಳಿದ್ದವು. ಗುರುವಾರ ಸಂಜೆ ನಾಲ್ಕಕ್ಕೆ ಡೈರೆಕ್ಟರ್ ವರದಿಯನ್ನು ಮುಂದಿಟ್ಟುಕೊಂಡು ಕೂತರು.

"ಭೇಷ್! ನಾನೂರು ಮೆಗಾಬೈಟ್ ಇದ್ದದ್ದು ಇನ್ನೂರ ಎಂಬತ್ತು ಕಿಲೋಬೈಟಿಗೆ ಇಳಿದಿದೆ," ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ಇರಿ ಇರಿ. ಆರು ತಟ್ಟೆಗೆ ಇನ್ನೂರ ನಲವತ್ತು ತಾನೇ? ಇದೇನು, ನಲವತ್ತು ಹೆಚ್ಚು ತೋರಿಸ್ತಿದೆ?"

"ಏಳನೇ ತಟ್ಟೆ ಸರ್. ಒಬ್ಬೊಬ್ಬರ ಹತ್ರಾನೂ ಒಂದು."

"ಯಾರ ಹೆಸರಲ್ಲಿ?"

"ಯಾರ ಹೆಸರಲ್ಲೂ ಇಲ್ಲ ಸರ್. ಹೇಳದೆ ಬರೋರಿಗೆ. ಒಬ್ಬರಾದ ಮೇಲೆ ಒಬ್ಬರು ಬಂದು ಹೋಗ್ಬಹುದು."

ಡೈರೆಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಕಿಲೋಬೈಟಿಗೆ ಜಗಳಕ್ಕೆ ನಿಲ್ಲುವ ಮನುಷ್ಯ ಇವನೇ ಹೌದೇ ಎಂದು ಅವರಿಗೆ ಅನುಮಾನ ಬಂದಂತಿತ್ತು. "ಹತ್ತು ಸಾವಿರ ಜನರ ಹತ್ರ ಹತ್ತು ಸಾವಿರ ಖಾಲಿ ತಟ್ಟೆ. ಎರಡು ದಿನ ಸುಮ್ನೆ ಬಿದ್ದಿರತ್ತಲ್ಲರೀ! ಎಷ್ಟು ಉಪಯೋಗ ಆಗತ್ತೆ ಅಂತ ಅಳೆದಿದ್ದೀರಾ?"

"ಇಲ್ಲ ಸರ್," ಎಂದ ಬೈಟಪ್ಪ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ. "ಅದೊಂದನ್ನ ಅಳೆಯಲ್ಲ. ನಾನಿನ್ನು ಹೊರಡ್ಲಾ? ದಾರೀಲಿ ಬಿಸ್ಕತ್ತು ತಗೋಬೇಕು. ಐದಕ್ಕೆ ಮನೇಲಿರ್ಬೇಕು."